ಗಂಟಲು, ಧ್ವನಿಪೆಟ್ಟಿಗೆ, ಜೊಲ್ಲಿನ ಗ್ರಂಥಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ತರಗತಿಯಲ್ಲಿ ‘ಏನಾದರೂ ಕೇಳುವುದಿದೆಯೇ’ ಎಂದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಪ್ರಶ್ನೆಗಳು ಬರುವುದು ಬೇರೆಡೆಯಿಂದ: ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಂದ, ರೈಲಿನ ಎದುರು ಸೀಟಿನವರಿಂದ, ಓದುಗರ ಪತ್ರಗಳಿಂದ. ಗಂಟಲಿನ ಬಗ್ಗೆ ಮರಳಿ ಮರಳಿ ಬಂದವನ್ನು, ಆದಷ್ಟೂ ಕೇಳಿದವರ ಮಾತಿನಲ್ಲೇ, ಇಲ್ಲಿ ಜೋಡಿಸಿದ್ದೇನೆ. ಗೊಂದಲದ ಬಹುಪಾಲು ಹುಟ್ಟುವುದು ನಮ್ಮ ‘ಗಂಟಲು’ ಎಂಬ ಪದದಿಂದಲೇ. ಗಂಟಲು ನೋವು, ಗಂಟಲು ಕಟ್ಟಿದೆ, ಗಂಟಲು ಒಡೆದಿದೆ, ಗಂಟಲಿಗೆ ಮುಳ್ಳು ಸಿಕ್ಕಿದೆ ಎನ್ನುತ್ತೇವೆ. ಇವೆಲ್ಲ ಒಂದೇ ಜಾಗದ ಸಂಗತಿಗಳಲ್ಲ.

## ಮೊದಲು ಜಾಗಗಳ ಪರಿಚಯ

ಗಂಟಲು ಎಂದರೆ ಸರಿಯಾಗಿ ಎಲ್ಲಿಂದ ಎಲ್ಲಿಯವರೆಗೆ?

ತಲೆಬುರುಡೆಯ ತಳದಿಂದ ಹೊರಟು ಕುತ್ತಿಗೆಯ ಆರನೆಯ ಮೂಳೆಯ ಮಟ್ಟದವರೆಗೆ ಇಳಿಯುವ, ಸುಮಾರು 12 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ ಅದು. ಕೊಳವೆ ಎಂದರೂ ಮುಂದಿನ ಗೋಡೆ ಪೂರ್ತಿ ಇಲ್ಲ. ಮೇಲ್ಭಾಗ ಮೂಗಿಗೆ, ನಡುಭಾಗ ಬಾಯಿಗೆ, ಕೆಳಭಾಗ ಧ್ವನಿಪೆಟ್ಟಿಗೆಗೆ ತೆರೆದುಕೊಂಡಿದೆ. ಮೂರು ಬಾಗಿಲಿರುವ ಹಿತ್ತಲ ಪಡಸಾಲೆ ಎಂದುಕೊಳ್ಳಿ. ಕನ್ನಡಿಯ ಮುಂದೆ ‘ಆ’ ಎಂದಾಗ ಕಾಣುವುದು ನಡುವಿನ ಭಾಗ ಮಾತ್ರ. ಮೂಗಿನ ಹಿಂದಿನ ಭಾಗದಲ್ಲಿ ಎರಡೂ ಕಿವಿಗಳಿಂದ ಬರುವ ಸಣ್ಣ ನಾಳಗಳು ತೆರೆದುಕೊಳ್ಳುತ್ತವೆ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಗವ್ವೆಂದರೆ ಉಗುಳು ನುಂಗಿ ಸರಿಮಾಡಿಕೊಳ್ಳುತ್ತೇವಲ್ಲ, ಆಗ ತೆರೆಯುವುದು ಆ ನಾಳಗಳೇ.

ಅನ್ನಕ್ಕೂ ಗಾಳಿಗೂ ಒಂದೇ ದಾರಿ ಏಕೆ? ಎರಡು ಬೇರೆ ಬೇರೆ ಕೊಳವೆ ಇದ್ದಿದ್ದರೆ ಒಳ್ಳೆಯದಿತ್ತಲ್ಲವೇ?

ಕೊಳವೆಗಳು ಎರಡೇ ಇವೆ. ತೊಂದರೆ ಇರುವುದು ಅವುಗಳ ಜೋಡಣೆಯಲ್ಲಿ. ಮೂಗು ಬಾಯಿಗಿಂತ ಮೇಲಿದೆ, ಅದರ ದಾರಿ ಬಾಯಿಯ ಹಿಂಬದಿಗೆ ಬಂದು ಇಳಿಯುತ್ತದೆ. ಶ್ವಾಸನಾಳವಾದರೋ ಅನ್ನನಾಳದ ಮುಂದಿದೆ. ಹಿಂದಿನಿಂದ ಬಂದ ಗಾಳಿ ಮುಂದಕ್ಕೆ, ಮುಂದಿನಿಂದ ಬಂದ ಅನ್ನ ಹಿಂದಕ್ಕೆ ಹೋಗಬೇಕು, ಅಂದರೆ ಎರಡೂ ಒಂದನ್ನೊಂದು ದಾಟಲೇಬೇಕು. ಭ್ರೂಣದಲ್ಲಿ ಶ್ವಾಸಕೋಶ ಹುಟ್ಟುವುದೇ ಅನ್ನದ ದಾರಿಯ ಮುಂದಿನ ಗೋಡೆಯಿಂದ ಒಡೆದ ಚಿಗುರಾಗಿ, ಆದ್ದರಿಂದ ಈ ಕೂಡುರಸ್ತೆ ತಪ್ಪಿದ್ದಲ್ಲ.

ಕೂಡುರಸ್ತೆಯ ಕಾವಲಿಗೆ ನಿಂತಿರುವುದು ಧ್ವನಿಪೆಟ್ಟಿಗೆ. ತುತ್ತು ನುಂಗುವ ಆ ಒಂದು ಸೆಕೆಂಡಿನಲ್ಲಿ ಉಸಿರು ನಿಲ್ಲುತ್ತದೆ, ಮೆದು ಅಂಗುಳ ಮೇಲೆದ್ದು ಮೂಗಿನ ಬಾಗಿಲು ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಇಡಿಯಾಗಿ ಮೇಲಕ್ಕೆ ಮುಂದಕ್ಕೆ ಸರಿದು ನಾಲಗೆಯ ಬುಡದ ಕೆಳಗೆ ಅಡಗುತ್ತದೆ, ಎಪಿಗ್ಲಾಟಿಸ್ ಎಂಬ ಎಲೆಯಂಥ ಮುಚ್ಚಳ ಅದರ ಮೇಲೆ ಬಾಗುತ್ತದೆ, ಒಳಗೆ ಸ್ವರತಂತುಗಳು ಬಿಗಿದುಕೊಳ್ಳುತ್ತವೆ. ಕುತ್ತಿಗೆಯ ಮುಂದಿನ ಗಂಟಿನ ಮೇಲೆ ಬೆರಳಿಟ್ಟು ಒಮ್ಮೆ ನುಂಗಿ ನೋಡಿ, ಅದು ಹಾರಿ ಇಳಿಯುವುದು ತಿಳಿಯುತ್ತದೆ. ಊಟದ ನಡುವೆ ನಗಿಸಿದರೆ ಈ ಸರಣಿ ತಪ್ಪುತ್ತದೆ, ಪಂಕ್ತಿಯಲ್ಲಿ ಒಬ್ಬರ ನೆತ್ತಿಗೆ ಹತ್ತುತ್ತದೆ. ‘ನೆತ್ತಿಗೆ ಹತ್ತುವುದು’ ಎಂದರೆ ಮೇಲಕ್ಕೆ ಹೋಗುವುದಲ್ಲ, ಕೆಳಗಿನ ತಪ್ಪು ಬಾಗಿಲು ತಟ್ಟುವುದು. ತಲೆಯ ಮೇಲೆ ಬಡಿಯುವುದರಿಂದ ಆಗುವ ಉಪಕಾರ ಏನೂ ಇಲ್ಲ. ಕೆಮ್ಮಲು ಬಿಡಿ. ಕೆಮ್ಮಲೂ ಆಗದೆ, ದನಿಯೂ ಹೊರಡದೆ ಮುಖ ಕಪ್ಪಿಟ್ಟರೆ ಮಾತ್ರ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು ಒಳಕ್ಕೆ ಮೇಲಕ್ಕೆ ಒತ್ತಬೇಕು. ಅಮೆರಿಕದ ಹೆನ್ರಿ ಹೈಮ್ಲಿಕ್ 1974ರಲ್ಲಿ ತಿಳಿಸಿದ ವಿಧಾನ ಅದು. ಒಂದು ವರ್ಷದೊಳಗಿನ ಕೂಸಿಗೆ ಹೀಗೆ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಹಿಡಿದು, ಬೆನ್ನಿನ ಮೇಲೆ ತಟ್ಟಬೇಕು.

ಮಗುವಿಗೆ ಕಿರುನಾಲಗೆ ಬಿದ್ದಿದೆ ಎಂದು ಅಜ್ಜಿ ಹೇಳುತ್ತಾರೆ. ಅದು ಬೀಳುತ್ತದೆಯೇ?

ಬೀಳುವುದಿಲ್ಲ. ಮೆದು ಅಂಗುಳದ ನಡುವಿನಿಂದ ತೂಗುವ ಆ ತುಣುಕು ಸೋಂಕಿನಿಂದಲೋ ಗೊರಕೆಯಿಂದಲೋ ಊದಿಕೊಂಡಾಗ ಉದ್ದವಾಗಿ ಕಾಣುತ್ತದೆ, ನಾಲಗೆಗೆ ತಾಗಿ ಕೆಮ್ಮು ತರುತ್ತದೆ. ಉಪ್ಪು ಹಚ್ಚಿದ ಹೆಬ್ಬೆರಳಿನಿಂದ ಅದನ್ನು ‘ಎತ್ತುವ’ ಕ್ರಮದಿಂದ ಸಿಗುವುದು ವಾಂತಿ, ಕೆಲವೊಮ್ಮೆ ಗಾಯ. ಅಂದಹಾಗೆ ಎಪಿಗ್ಲಾಟಿಸನ್ನೂ ಕಿರುನಾಲಗೆ ಎಂದೇ ಕರೆಯುವವರಿದ್ದಾರೆ. ಎರಡೂ ಬೇರೆ. ಒಂದು ಮೇಲಿನಿಂದ ತೂಗುತ್ತದೆ, ಕನ್ನಡಿಯಲ್ಲಿ ಕಾಣುತ್ತದೆ. ಇನ್ನೊಂದು ನಾಲಗೆಯ ಬುಡದ ಹಿಂದೆ ಕೆಳಗಿನಿಂದ ನಿಂತಿದೆ, ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಟಾನ್ಸಿಲ್ ಬೇಡದ ವಸ್ತುವೇ? ತೆಗೆಸಿಬಿಡಬಹುದೇ?

ಗಂಟಲಿನ ಬಾಗಿಲ ಸುತ್ತ ರೋಗನಿರೋಧಕ ಅಂಗಾಂಶದ ಒಂದು ಉಂಗುರವೇ ಇದೆ. ಎರಡು ಬದಿಯ ಟಾನ್ಸಿಲ್‌ಗಳು, ಮೂಗಿನ ಹಿಂದಿನ ಅಡಿನಾಯ್ಡ್, ನಾಲಗೆಯ ಬುಡದ ಗಂಟುಗಳು, ಎಲ್ಲವೂ ಅದರ ಭಾಗ. 1884ರಲ್ಲಿ ಇದನ್ನು ವಿವರಿಸಿದ ಜರ್ಮನ್ ಅಂಗರಚನಾತಜ್ಞ ವಾಲ್ಡೆಯರ್ ಹೆಸರಿನಲ್ಲೇ ಉಂಗುರ ಉಳಿದಿದೆ. ಒಳಗೆ ಬರುವ ಅನ್ನ, ಗಾಳಿಯ ಸೂಕ್ಷ್ಮಾಣುಗಳನ್ನು ಮಗುವಿನ ದೇಹಕ್ಕೆ ಪರಿಚಯಿಸುವುದು ಇದರ ಕೆಲಸ. ಹರೆಯ ಬಂದ ಮೇಲೆ ಅದು ತಾನಾಗಿ ಕುಗ್ಗುತ್ತದೆ. ಆದ್ದರಿಂದ ‘ದೊಡ್ಡದಾಗಿದೆ’ ಎಂಬ ಒಂದೇ ಕಾರಣಕ್ಕೆ ತೆಗೆಸಬೇಕಿಲ್ಲ. ವೈದ್ಯರು ಸಾಮಾನ್ಯವಾಗಿ ನೋಡುವ ಲೆಕ್ಕ ಹೀಗಿದೆ: ಒಂದೇ ವರ್ಷದಲ್ಲಿ 7 ಬಾರಿ, ಅಥವಾ ಎರಡು ವರ್ಷ ವರ್ಷಕ್ಕೆ 5 ಬಾರಿ, ಅಥವಾ ಮೂರು ವರ್ಷ ವರ್ಷಕ್ಕೆ 3 ಬಾರಿ ಜೋರು ಸೋಂಕು. ಇಲ್ಲವೇ ನಿದ್ದೆಯಲ್ಲಿ ಉಸಿರು ಕಟ್ಟುವಷ್ಟು ಅಡಚಣೆ. ಟಾನ್ಸಿಲ್ ಮೇಲೆ ಬೂದುಬಿಳಿ ಪೊರೆ ಕಟ್ಟಿ, ಕುತ್ತಿಗೆ ಊದಿ, ಜ್ವರ ಬಂದರೆ ಅದು ಬೇರೆ ಕಥೆ. ಅದು ಗಂಟಲಮಾರಿ (ಡಿಫ್ತೀರಿಯಾ) ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೂಸಿನ ಲಸಿಕೆ ಹಾಕಿಸಿ ಗಂಟಲಮಾರಿ, ಧನುರ್ವಾಯು ತಡೆಯುವ 10 ಮತ್ತು 16ನೇ ವಯಸ್ಸಿನ ಟಿಡಿ ಚುಚ್ಚುಮದ್ದನ್ನು ಮರೆಯುವವರು ಬಹಳ.

ಮೀನಿನ ಮುಳ್ಳು ಸಿಕ್ಕಿದರೆ ಅನ್ನದ ಉಂಡೆ ನುಂಗಬೇಕು ಎನ್ನುತ್ತಾರೆ. ಸರಿಯೇ?

ಬೂತಾಯಿ ತಿಂದು ಬೆಳೆದ ಕರಾವಳಿಯವರಿಗೆ ಈ ಉತ್ತರ ಹಿಡಿಸುವುದಿಲ್ಲ: ಬೇಡ. ಮುಳ್ಳು ಚುಚ್ಚಿಕೊಳ್ಳುವುದು ಹೆಚ್ಚಾಗಿ ಟಾನ್ಸಿಲ್‌ನಲ್ಲಿ ಅಥವಾ ನಾಲಗೆಯ ಬುಡದಲ್ಲಿ. ಅಲ್ಲಿದ್ದರೆ ವೈದ್ಯರು ಬೆಳಕು ಹಾಕಿ ಚಿಮಟದಿಂದ ಎರಡು ನಿಮಿಷದಲ್ಲಿ ತೆಗೆಯುತ್ತಾರೆ. ಅನ್ನದ ಉಂಡೆಯ ಒತ್ತಡಕ್ಕೆ ಅದೇ ಮುಳ್ಳು ಇನ್ನೂ ಆಳಕ್ಕೆ ಹೂತುಕೊಳ್ಳಬಹುದು, ಅಥವಾ ಅನ್ನನಾಳಕ್ಕೆ ಜಾರಿ ಅಲ್ಲಿ ಚುಚ್ಚಬಹುದು. ಮುಳ್ಳು ಹೋದ ಮೇಲೂ ಗೀರಿದ ಜಾಗ ಒಂದೆರಡು ದಿನ ಮುಳ್ಳಿನಂತೆಯೇ ಕಾಡುತ್ತದೆ ಎಂಬುದೂ ನಿಜ. ಅನ್ನದ ಉಂಡೆಗೆ ಕೀರ್ತಿ ಬಂದದ್ದು ಹೀಗೆಯೇ ಇರಬೇಕು, ಅದಾಗಲೇ ಇಳಿದುಹೋಗಿದ್ದ ಮುಳ್ಳುಗಳಿಂದ.

ಗುಗ್ಗೆ ತೆಗೆಯುವಾಗ ಕೆಮ್ಮು ಬರುತ್ತದೆ. ಕಿವಿಗೂ ಗಂಟಲಿಗೂ ಏನು ಸಂಬಂಧ?

ನರದ ಸಂಬಂಧ. ಗಂಟಲಿಗೆ, ಧ್ವನಿಪೆಟ್ಟಿಗೆಗೆ ಹೋಗುವ ವೇಗಸ್ ನರದ ಒಂದು ಎಳೆ ಕಿವಿಯ ಹೊರನಾಳದ ಚರ್ಮಕ್ಕೂ ಹೋಗುತ್ತದೆ. ಅದನ್ನು ಕೆರೆದಾಗ ಕೆಲವರ ಮಿದುಳು ಗಂಟಲಲ್ಲಿ ಏನೋ ಇದೆ ಎಂದೇ ತಿಳಿದು ಕೆಮ್ಮಿಸುತ್ತದೆ. ಇದು ತಿರುಗಿಯೂ ನಡೆಯುತ್ತದೆ: ಗಂಟಲಿನ ಹುಣ್ಣು ಕಿವಿನೋವಾಗಿ ಕಾಣಿಸಿಕೊಳ್ಳಬಹುದು. ಕಿವಿ ಪರೀಕ್ಷೆಯಲ್ಲಿ ಏನೂ ಸಿಗದೆ, ಒಂದೇ ಕಡೆಯ ಕಿವಿನೋವು ವಾರಗಟ್ಟಲೆ ಉಳಿದರೆ ಗಂಟಲನ್ನೂ ನೋಡಿಸಬೇಕು. ತಂಬಾಕಿನ ಅಭ್ಯಾಸ ಇದ್ದವರಂತೂ ತಡ ಮಾಡಬಾರದು.

ದುಃಖ ಬಂದಾಗ ಗಂಟಲು ಕಟ್ಟುವುದು ಏಕೆ?

ಮನಸ್ಸು ಕಲಕಿದಾಗ ದೇಹ ಹೆಚ್ಚು ಗಾಳಿ ಎಳೆಯಲೆಂದು ಸ್ವರತಂತುಗಳ ನಡುವಿನ ಸಂದನ್ನು ಅಗಲ ಮಾಡಿಟ್ಟುಕೊಳ್ಳುತ್ತದೆ. ಅಳು ನುಂಗಬೇಕೆಂದರೆ ಅದೇ ಸಂದನ್ನು ಮುಚ್ಚಬೇಕು. ತೆರೆ ಎನ್ನುವ ಆಜ್ಞೆಗೂ ಮುಚ್ಚು ಎನ್ನುವ ಆಜ್ಞೆಗೂ ನಡೆಯುವ ಎಳೆದಾಟವೇ ಗಂಟು ಸಿಕ್ಕಿದಂತೆ ಅನಿಸುತ್ತದೆ.

## ಧ್ವನಿಪೆಟ್ಟಿಗೆ

ಅದು ನಿಜವಾಗಿ ಪೆಟ್ಟಿಗೆಯ ಹಾಗೆ ಇದೆಯೇ?

ಹೊರಗಿನಿಂದಲೇ ಮುಟ್ಟಿ ನೋಡಬಹುದು. ಗದ್ದದ ಕೆಳಗಿನಿಂದ ಕುತ್ತಿಗೆಯ ನಡುಗೆರೆಯಲ್ಲಿ ಬೆರಳು ಇಳಿಸುತ್ತ ಬನ್ನಿ. ಮೊದಲು ಸಿಗುವ ಗಟ್ಟಿ ಕಮಾನು ಹೈಯಾಯ್ಡ್ ಮೂಳೆ, ಬೇರೆ ಯಾವ ಮೂಳೆಗೂ ಕೀಲು ಕೂಡದೆ ಸ್ನಾಯುಗಳಲ್ಲಿ ತೂಗುವ ಒಂಟಿ ಮೂಳೆ. ಅದರ ಕೆಳಗೆ, ಮೇಲಂಚಿನಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂಥ ಕಚ್ಚಿರುವ ಮೃದ್ವಸ್ಥಿಯೇ ಥೈರಾಯ್ಡ್ ಫಲಕ, ಪೆಟ್ಟಿಗೆಯ ಮುಂಬಾಗಿಲು. ಇನ್ನೂ ಕೆಳಗೆ ಸಣ್ಣ ತಗ್ಗು, ಆಮೇಲೆ ಉಂಗುರದಂಥ ಕ್ರೈಕಾಯ್ಡ್. ಉಂಗುರದ ಹಿಂಬದಿಯ ಮೇಲೆ, ಕೈಗೆ ಸಿಗದ ಜಾಗದಲ್ಲಿ, ಎರಡು ಪುಟ್ಟ ಗೋಪುರಗಳಂತೆ ಅರಿಟಿನಾಯ್ಡ್‌ಗಳು ಕೂತಿವೆ. ಸ್ವರತಂತುಗಳು ಮುಂದೆ ಫಲಕಕ್ಕೂ ಹಿಂದೆ ಈ ಗೋಪುರಗಳಿಗೂ ಅಂಟಿಕೊಂಡಿವೆ. ಗೋಪುರ ತಿರುಗಿದರೆ ಸಂದು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಮುಚ್ಚುವ ಸ್ನಾಯುಗಳು ಹಲವು. ತೆರೆಯುವುದು ಒಂದೇ ಒಂದು ಜೊತೆ. ಪೆಟ್ಟಿಗೆಯ ಮೊದಲ ಕಸುಬು ಕಾವಲು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮಾತು ಆಮೇಲೆ ಬಂದ ಉಪಕಸುಬು.

ಥೈರಾಯ್ಡ್ ಎಂಬ ಹೆಸರಿನಿಂದ ಗಾಬರಿಯಾಗಬೇಡಿ. ‘ಥೈರಾಯ್ಡ್ ಇದೆ’ ಎಂದು ಜನ ಹೇಳುವ ಗ್ರಂಥಿ ಇದರ ಕೆಳಗೆ, ಶ್ವಾಸನಾಳಕ್ಕೆ ಅಪ್ಪಿಕೊಂಡಿದೆ. ಗ್ರೀಕಿನ ಗುರಾಣಿ ಎಂಬ ಪದ ಇಬ್ಬರಿಗೂ ಹೆಸರಾಯಿತು, ಅಷ್ಟೆ.

ಸ್ವರತಂತು ಎಂದರೆ ವೀಣೆಯ ತಂತಿಯ ಹಾಗೆ ಮಿಡಿಯುತ್ತದೆಯೇ?

ತಂತಿ ಎಂಬ ಹೆಸರು ಕೊಟ್ಟವರು ಫ್ರಾನ್ಸಿನ ಆಂತ್ವಾನ್ ಫೆರೆನ್, 1741ರಲ್ಲಿ. ಅವರು ಕಣ್ಣಮುಂದೆ ಇಟ್ಟುಕೊಂಡದ್ದು ಪಿಟೀಲು. ಹೋಲಿಕೆ ಸೊಗಸಾಗಿದೆ, ಸರಿಯಿಲ್ಲ. ಶವಚ್ಛೇದನದ ಮೇಜಿನ ಮೇಲೆ ಧ್ವನಿಪೆಟ್ಟಿಗೆಯನ್ನು ಹಿಂದಿನಿಂದ ಸೀಳಿ ತೆರೆದಾಗ ತಂತಿ ಹುಡುಕುವ ವಿದ್ಯಾರ್ಥಿಗಳಿಗೆ ನಿರಾಸೆಯಾಗುತ್ತದೆ. ಅಲ್ಲಿರುವುದು ಎರಡು ಗೋಡೆಗಳಿಂದ ಎದ್ದ ಎರಡು ತಿಳಿಬಿಳಿ ಮಡಿಕೆಗಳು. ಗಂಡಸರಲ್ಲಿ ಸುಮಾರು ಎರಡು ಸೆಂಟಿಮೀಟರ್, ಹೆಂಗಸರಲ್ಲಿ ಒಂದೂವರೆ. ಇಷ್ಟಕ್ಕೇ ಇಷ್ಟೆಲ್ಲ ಮಾತೇ ಎಂದು ಒಬ್ಬ ಹುಡುಗಿ ಉದ್ಗರಿಸಿದ್ದು ನೆನಪಿದೆ.

ಮಡಿಕೆಯೊಳಗೆ ಸ್ನಾಯು, ಅದರ ಮೇಲೆ ಎಳನೀರಿನ ತೆಳುಗಂಜಿಯಂಥ ಮೆದುಪದರ, ಅದರ ಮೇಲೆ ನವಿರಾದ ಹೊದಿಕೆ. ಮಕ್ಕಳು ತುಟಿ ಬಿಗಿದು ಗಾಳಿ ಊದಿ ಬಸ್ಸಿನ ಸದ್ದು ಮಾಡುತ್ತಾರಲ್ಲ, ಅಲ್ಲಿ ತುಟಿಗಳು ಏನು ಮಾಡುತ್ತವೆಯೋ ಇಲ್ಲಿ ಮಡಿಕೆಗಳೂ ಅದನ್ನೇ ಮಾಡುತ್ತವೆ. ಕೆಳಗಿನ ಗಾಳಿ ಒತ್ತಿ ಬಿಡಿಸುತ್ತದೆ, ಮಡಿಕೆಯ ಎಳೆತ ಮತ್ತು ಗಾಳಿಯ ಓಟ ಸೇರಿ ಮತ್ತೆ ಕೂಡಿಸುತ್ತವೆ. ಮಾತಿನಲ್ಲಿ ಇದು ಗಂಡಸರಲ್ಲಿ ಸೆಕೆಂಡಿಗೆ ನೂರು ಚಿಲ್ಲರೆ, ಹೆಂಗಸರಲ್ಲಿ ಇನ್ನೂರರ ಆಸುಪಾಸು. ಪ್ರತಿ ಬಡಿತಕ್ಕೂ ಮಿದುಳು ಆಜ್ಞೆ ಕೊಡುವುದಿಲ್ಲ. ಅದು ಬಿಗಿತವನ್ನಷ್ಟೇ ಹೊಂದಿಸಿಡುತ್ತದೆ. ಹೊರಟ ಸದ್ದು ಬರೀ ಜೀರುದನಿ. ಅದಕ್ಕೆ ಮೈ ತುಂಬಿ ನಿಮ್ಮ ದನಿಯಾಗಿಸುವುದು ಮೇಲಿನ ಗಂಟಲು, ಬಾಯಿ, ಮೂಗು.

ಹುಡುಗರ ಗಂಟಲು ಒಡೆಯುವಾಗ ಒಳಗೆ ಏನು ಒಡೆಯುತ್ತದೆ?

ಏನೂ ಒಡೆಯುವುದಿಲ್ಲ. ಪೆಟ್ಟಿಗೆ ಬೇಗ ಬೇಗ ದೊಡ್ಡದಾಗುತ್ತದೆ. ಥೈರಾಯ್ಡ್ ಫಲಕದ ಎರಡು ರೆಕ್ಕೆಗಳು ಗಂಡಸರಲ್ಲಿ ಸುಮಾರು 90 ಡಿಗ್ರಿ ಕೋನದಲ್ಲಿ, ಹೆಂಗಸರಲ್ಲಿ ಸುಮಾರು 120 ಡಿಗ್ರಿಯಲ್ಲಿ ಕೂಡುತ್ತವೆ. ಚೂಪಾದ ಕೋನ ಮುಂದೆ ಗಂಟಾಗಿ ಎದ್ದು ಕಾಣುತ್ತದೆ. ಮಡಿಕೆಗಳು ಉದ್ದವಾಗಿ ದಪ್ಪವಾಗಿ, ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ನಿನ್ನೆಯ ಬಿಗಿತಕ್ಕೆ ಒಗ್ಗಿದ ಮಿದುಳು ಇಂದಿನ ಮಡಿಕೆಯನ್ನು ನಡೆಸಲು ಹೋಗಿ ತಪ್ಪುತ್ತದೆ, ದನಿ ಸಿಡಿದು ಮೇಲಕ್ಕೆ ಹಾರುತ್ತದೆ. ಹುಡುಗಿಯರ ದನಿಯೂ ಇಳಿಯುತ್ತದೆ, ಅಲ್ಪಸ್ವಲ್ಪ. ಇವೆಲ್ಲ ಸರಾಸರಿಯ ಮಾತು. ಗಂಗೂಬಾಯಿ ಹಾನಗಲ್ಲರ ಗಾಯನ ಕೇಳಿದವರಿಗೆ ಸರಾಸರಿಯ ಬೆಲೆ ಎಷ್ಟೆಂದು ಹೇಳಬೇಕಿಲ್ಲ.

ಕ, ಖ, ಗ, ಘ ‘ಕಂಠ್ಯ’ ಎಂದು ಶಾಲೆಯಲ್ಲಿ ಕಲಿತೆವು. ಅವು ಗಂಟಲಿನಲ್ಲೇ ಹುಟ್ಟುತ್ತವೆಯೇ?

ನನಗೆ ತುಂಬ ಇಷ್ಟವಾದ ಪ್ರಶ್ನೆ. ನಮ್ಮ ವರ್ಣಮಾಲೆ ಅಂಗರಚನೆಯ ಒಂದು ನಕ್ಷೆ: ಕವರ್ಗದಿಂದ ಪವರ್ಗದವರೆಗೆ ಬಾಯಿಯ ಹಿಂಬದಿಯಿಂದ ತುಟಿಯವರೆಗೆ ನಡೆದು ಬರುತ್ತದೆ. ಸೂಕ್ಷ್ಮವಾಗಿ ನೋಡಿದರೆ ‘ಕ’ ಹುಟ್ಟುವುದು ನಾಲಗೆಯ ಹಿಂಭಾಗ ಮೆದು ಅಂಗುಳಕ್ಕೆ ತಾಗುವಲ್ಲಿ. ಸ್ವರತಂತುಗಳ ನಡುವೆಯೇ ಹುಟ್ಟುವ ಅಕ್ಷರ ‘ಹ’.

ಉಳಿದ ವ್ಯತ್ಯಾಸಗಳನ್ನು ಕೈಯಿಂದಲೇ ಪರೀಕ್ಷಿಸಬಹುದು. ಧ್ವನಿಪೆಟ್ಟಿಗೆಯ ಮೇಲೆ ಎರಡು ಬೆರಳಿಟ್ಟು ‘ಸ್’ ಎಂದು ಎಳೆಯಿರಿ, ಏನೂ ಇಲ್ಲ. ‘ಮ್’ ಎಂದು ಎಳೆಯಿರಿ, ಬೆರಳು ಜುಮ್ಮೆನ್ನುತ್ತದೆ. ಕ, ಗಗಳ ನಡುವಿನ ಭೇದ ಇದೇ, ಒಂದರಲ್ಲಿ ಮಡಿಕೆಗಳು ಸುಮ್ಮನಿವೆ, ಇನ್ನೊಂದರಲ್ಲಿ ಮಿಡಿಯುತ್ತಿವೆ. ತುಟಿಯ ಮುಂದೆ ತೆಳು ಕಾಗದ ಹಿಡಿದು ‘ಪ’ ಎನ್ನಿ, ‘ಫಲ’ದ ‘ಫ’ ಎನ್ನಿ. ಎರಡನೆಯದಕ್ಕೆ ಕಾಗದ ಹಾರುತ್ತದೆ, ಮಡಿಕೆಗಳು ಅಗಲವಾಗಿ ತೆರೆದು ಉಸಿರನ್ನು ಬಿಟ್ಟವು. ಮೂಗು ಹಿಡಿದು ‘ಅಮ್ಮ’ ಎಂದರೆ ‘ಅಬ್ಬ’ದ ಕಡೆಗೆ ಹೊರಳುತ್ತದೆ, ಏಕೆಂದರೆ ಅನುನಾಸಿಕಕ್ಕೆ ಮೆದು ಅಂಗುಳ ಇಳಿದು ಮೂಗಿನ ದಾರಿ ತೆರೆದಿರಬೇಕು. ಕಂಠ ತೆರೆದರೆ ಉಸಿರು, ಮುಚ್ಚಿದರೆ ನಾದ ಎಂಬುದನ್ನು ವೇದದ ಉಚ್ಚಾರಣೆಯನ್ನು ವಿವರಿಸುವ ಹಳೆಯ ಗ್ರಂಥಗಳಾದ ಪ್ರಾತಿಶಾಖ್ಯಗಳನ್ನು ರಚಿಸಿದವರು ಯಾವ ಉಪಕರಣವೂ ಇಲ್ಲದೆ ಗುರುತಿಸಿದ್ದರು.

ಮೆಣಸಿನ ಕಷಾಯ, ಕಲ್ಲುಸಕ್ಕರೆ, ಜ್ಯೇಷ್ಠಮಧು ದನಿಗೆ ಒಳ್ಳೆಯದಲ್ಲವೇ?

ನುಂಗಿದ ಯಾವುದೂ ಸ್ವರತಂತುಗಳನ್ನು ಮುಟ್ಟುವುದಿಲ್ಲ. ಮುಟ್ಟಿದ್ದರೆ ನೀವು ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದಿರಿ. ಕಷಾಯ ಮೇಲಿನ ಗಂಟಲಿಗೆ ಹಿತ ಕೊಡುತ್ತದೆ, ಜೊಲ್ಲು ಹೆಚ್ಚಿಸುತ್ತದೆ, ಮೈಗೆ ನೀರು ಸೇರಿಸುತ್ತದೆ. ಅದೂ ಸಣ್ಣ ಲಾಭವಲ್ಲ. ಮಡಿಕೆಗಳಿಗೆ ನೇರವಾಗಿ ತಲುಪುವುದು ಉಸಿರಿನಲ್ಲಿ ಹೋಗುವ ಹಬೆ, ಅದೇ ರೀತಿ ಹೊಗೆ.

ನಾನು ಶಿಕ್ಷಕಿ. ಸಂಜೆಯ ಹೊತ್ತಿಗೆ ದನಿಯೇ ಇರುವುದಿಲ್ಲ. ಪಿಸುಮಾತಿನಲ್ಲಿ ಮಾತನಾಡಿದರೆ ವಿಶ್ರಾಂತಿ ಸಿಗುತ್ತದೆಯೇ?

ಒಂದು ಲೆಕ್ಕ ಹಾಕೋಣ. 45 ನಿಮಿಷದ ಪಾಠದಲ್ಲಿ ಅರ್ಧ ಹೊತ್ತು ಮಡಿಕೆಗಳು ಮಿಡಿಯುತ್ತವೆ ಎಂದುಕೊಂಡರೆ, ಸೆಕೆಂಡಿಗೆ 200ರಂತೆ ಒಂದೇ ಪೀರಿಯಡ್‌ನಲ್ಲಿ 2,70,000 ಬಾರಿ ಒಂದಕ್ಕೊಂದು ತಟ್ಟುತ್ತವೆ. ಅಂಥ ಆರು ಪೀರಿಯಡ್. ಕೂಗಿದಷ್ಟೂ ಹೊಡೆತ ಜೋರು. ಹೊಡೆತ ಹೆಚ್ಚು ಬೀಳುವ ಜಾಗದಲ್ಲಿ, ಮಡಿಕೆಯ ಮುಂಭಾಗ ಮತ್ತು ನಡುಭಾಗ ಸೇರುವಲ್ಲಿ, ಅಂಗೈಯ ಜಡ್ಡಿನಂತೆ ಎರಡೂ ಬದಿ ಗಂಟು ಕಟ್ಟುತ್ತದೆ. ಚಂಡೆಯ ಅಬ್ಬರದ ಮೇಲೆ ರಾತ್ರಿಯಿಡೀ ಹಾಡುವ ಭಾಗವತರು, ಸಂತೆಯಲ್ಲಿ ಕೂಗುವವರು, ಎಲ್ಲರದೂ ಇದೇ ಪಾಡು.

ಪಿಸುಮಾತು ವಿಶ್ರಾಂತಿಯಲ್ಲ. ಬಹಳ ಮಂದಿ ಪಿಸುಗುಟ್ಟುವಾಗ ಪೆಟ್ಟಿಗೆಯನ್ನು ಇನ್ನಷ್ಟು ಹಿಂಡುತ್ತಾರೆ. ಮೆಲುದನಿಯ ಸಹಜ ಮಾತು ಅಥವಾ ಮೌನ ಮೇಲು. ಪದೇ ಪದೇ ಗಂಟಲು ಸರಿಪಡಿಸಿಕೊಳ್ಳುವ ‘ಹ್ಞುಂ’ ಕೂಡ ಒಂದು ಹೊಡೆತವೇ, ಅದರ ಬದಲು ಒಂದು ಗುಟುಕು ನೀರು ಕುಡಿಯಿರಿ. ತರಗತಿಯ ಮೂಲೆಯಲ್ಲಿ ಸಣ್ಣ ಮೈಕ್ ಇಟ್ಟುಕೊಳ್ಳುವುದಕ್ಕೆ ನಾಚಿಕೆ ಬೇಡ. ದನಿಗೆ ವ್ಯಾಯಾಮ ಹೇಳಿಕೊಡುವವರಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಅದು ಮೂಗರಿಗೆ, ಕಿವುಡರಿಗೆ ಮಾತ್ರ ಎಂದು ಎಷ್ಟೋ ಶಿಕ್ಷಕರು ತಿಳಿದಿದ್ದಾರೆ. ಶೀತವಿಲ್ಲದೆ ದನಿ ಒಡಕಾಗಿ ಮೂರು ವಾರ ದಾಟಿದರೆ ಮನೆಮದ್ದು ನಿಲ್ಲಿಸಿ ಕಿವಿ-ಮೂಗು-ಗಂಟಲು ತಜ್ಞರಿಂದ ಸ್ವರತಂತುಗಳನ್ನು ನೋಡಿಸಿ.

ಅಷ್ಟು ಆಳದ ಸ್ವರತಂತುವನ್ನು ಮೊದಲು ನೋಡಿದ್ದು ಹೇಗೆ?

ಜೀವಂತ ಮನುಷ್ಯನ ಸ್ವರತಂತು ಮಿಡಿಯುವುದನ್ನು ಬಿಡದೆ ಬೆನ್ನುಹತ್ತಿ ನೋಡಿದವರು ವೈದ್ಯರಲ್ಲ, ಹಾಡು ಕಲಿಸುತ್ತಿದ್ದ ಮಾನ್ಯುಯೆಲ್ ಗಾರ್ಸಿಯಾ. 1854ರಲ್ಲಿ ಪ್ಯಾರಿಸ್‌ನಲ್ಲಿ ಕಿಟಕಿಯ ಗಾಜಿನ ಮೇಲೆ ಬಿಸಿಲು ಹೊಳೆಯುವುದನ್ನು ಕಂಡು, ಉದ್ದ ಹಿಡಿಯ ದಂತವೈದ್ಯರ ಕನ್ನಡಿ ಕೊಂಡು, ಅದನ್ನು ಬಿಸಿಮಾಡಿ ಕಿರುನಾಲಗೆಗೆ ಒತ್ತಿ ಹಿಡಿದು, ಇನ್ನೊಂದು ಕೈಗನ್ನಡಿಯಿಂದ ಬಿಸಿಲು ಹಾಯಿಸಿ ತನ್ನ ಗಂಟಲನ್ನೇ ನೋಡಿಕೊಂಡರು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಹೋಯಿತು. 1906ರಲ್ಲಿ ತೀರಿಕೊಂಡಾಗ ಅವರಿಗೆ 101 ವರ್ಷ.

## ಜೊಲ್ಲಿನ ಗ್ರಂಥಿಗಳು

ಜೊಲ್ಲು, ಉಗುಳು, ಎಂಜಲು, ಲಾಲಾರಸ ಬೇರೆ ಬೇರೆಯೇ?

ದ್ರವ ಒಂದೇ, ಜಾಗ ಬೇರೆ. ಕೂಸಿನ ಗದ್ದದ ಮೇಲೆ ಜೊಲ್ಲು, ರಸ್ತೆಯ ಮೇಲೆ ಉಗುಳು, ತಟ್ಟೆಯಲ್ಲಿ ಎಂಜಲು, ಪಠ್ಯಪುಸ್ತಕದಲ್ಲಿ ಲಾಲಾರಸ.

ದಿನಕ್ಕೆ ಎಷ್ಟು ಜೊಲ್ಲು ಬರುತ್ತದೆ? ಎಲ್ಲಿಂದ?

ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ. ದೊಡ್ಡ ಗ್ರಂಥಿಗಳು ಮೂರು ಜೊತೆ: ಕಿವಿಯ ಮುಂದೆ ಕೆಳಗೆ ಪೆರೋಟಿಡ್, ದವಡೆಯ ಮೂಳೆಯ ಅಡಿಯಲ್ಲಿ ಒಂದು, ನಾಲಗೆಯ ಅಡಿಯಲ್ಲಿ ಒಂದು. ತುಟಿ, ಕೆನ್ನೆ, ಅಂಗುಳದ ಒಳಪದರದಲ್ಲಿ ಹರಡಿರುವ ಚಿಕ್ಕವು ನೂರಾರು.

ಕೈಯಲ್ಲಿ ಕನ್ನಡಿ ಹಿಡಿದು ನಾಲಗೆಯನ್ನು ಅಂಗುಳಕ್ಕೆ ಮಡಚಿ. ನಾಲಗೆಯನ್ನು ತಳಕ್ಕೆ ಕಟ್ಟಿದ ಪಟ್ಟಿಯ ಎರಡೂ ಬದಿ ಎರಡು ಪುಟ್ಟ ಮೊಟ್ಟುಗಳು ಕಾಣುತ್ತವೆ. ನಾಲಗೆಯ ತುದಿಗೆ ಒಂದು ಹನಿ ನಿಂಬೆರಸ ಬಿಟ್ಟು ನಾಲಗೆ ಎತ್ತಿ ನೋಡಿ, ಆ ಮೊಟ್ಟುಗಳಿಂದ ತಿಳಿನೀರು ಒಸರುತ್ತದೆ. ಆಕಳಿಸುವಾಗ ಒಮ್ಮೊಮ್ಮೆ ನಾಲಗೆಯಡಿಯಿಂದ ಪಿಚಕಾರಿಯಂತೆ ಚಿಮ್ಮುವುದೂ ಇಲ್ಲಿಂದಲೇ. ಈಗ ನಾಲಗೆಯ ತುದಿಯಿಂದ ಮೇಲಿನ ಎರಡನೆಯ ದೊಡ್ಡ ದವಡೆಹಲ್ಲಿನ ಎದುರಿನ ಕೆನ್ನೆಯನ್ನು ತಡವಿ. ಅಲ್ಲೊಂದು ಉಬ್ಬು ಸಿಗುತ್ತದೆ, ಪೆರೋಟಿಡ್‌ನ ನಲ್ಲಿ ಅದು. 1660ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆ ಸೀಳುತ್ತಿದ್ದಾಗ ಡೆನ್ಮಾರ್ಕಿನ ವಿದ್ಯಾರ್ಥಿ ನಿಕೋಲಸ್ ಸ್ಟೆನೊ ಈ ನಾಳವನ್ನು ಕಂಡ. ಮುಂದೆ ಅದೇ ಮನುಷ್ಯ ಬಂಡೆಯ ಪದರಗಳನ್ನು ಓದುವ ಭೂವಿಜ್ಞಾನಕ್ಕೂ ಬುನಾದಿ ಹಾಕಿ, ಕೊನೆಗೆ ಬಿಷಪ್ ಆದ.

ಹುಣಸೆಕಾಯಿ ನೆನೆದರೂ ಬಾಯಲ್ಲಿ ನೀರೂರುತ್ತದೆ. ಅಗಿದರೆ ಅನ್ನ ಸಿಹಿಯಾಗುವುದು ಏಕೆ?

ಎರಡು ಪ್ರಶ್ನೆ, ಒಂದೇ ಪತ್ರದಲ್ಲಿ ಬಂದವು. ಜೊಲ್ಲಿನ ನಲ್ಲಿ ನರಗಳ ಕೈಯಲ್ಲಿದೆ. ಹಿಂದಿನ ರುಚಿಯ ನೆನಪೇ ಸಾಕು, ಮಿದುಳು ತಿರುಪುತ್ತದೆ. ಹುಳಿ ಬಿದ್ದ ಕೂಡಲೇ ಕಿವಿಯ ಕೆಳಗೆ ಚುಳ್ಳೆನ್ನುವುದು ಪೆರೋಟಿಡ್ ಒಮ್ಮೆಲೇ ಹಿಂಡಿಕೊಂಡಾಗ. ಎರಡನೆಯದು: ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಬರೀ ಅನ್ನವನ್ನು ಎರಡು ನಿಮಿಷ ಅಗಿದರೆ ಗೊತ್ತಾಗುತ್ತದೆ. ರಾಗಿ ಮುದ್ದೆಯನ್ನು ಅಗಿಯದೆ ಜಾರಿಸುವವರಿಗೆ ಈ ಸಿಹಿ ದಕ್ಕುವುದಿಲ್ಲ. ಅವರ ಗಂಟಲಿನ ಸ್ನಾಯುಗಳ ಬಗ್ಗೆ ನನಗೆ ಗೌರವವಿದೆ.

ಊಟಕ್ಕೆ ಕೂತಾಗಲೆಲ್ಲ ದವಡೆಯ ಕೆಳಗೆ ಊದುತ್ತದೆ, ಒಂದು ಗಂಟೆಯಲ್ಲಿ ಇಳಿಯುತ್ತದೆ. ಇದೇನು?

ಕೇಳಿದ ಮಾತಿನಲ್ಲೇ ಉತ್ತರವಿದೆ: ನಾಳದಲ್ಲಿ ಕಲ್ಲು ಇರಬಹುದು. ಊಟದ ಹೊತ್ತಿಗೆ ಜೊಲ್ಲು ಉಕ್ಕುತ್ತದೆ, ಹೊರಗೆ ಹೋಗಲಾರದೆ ಗ್ರಂಥಿಯನ್ನೇ ಉಬ್ಬಿಸುತ್ತದೆ, ಆಮೇಲೆ ನಿಧಾನವಾಗಿ ಜಿನುಗಿ ಇಳಿಯುತ್ತದೆ. ಜೊಲ್ಲಿನ ಕಲ್ಲುಗಳಲ್ಲಿ ಶೇಕಡಾ 80ರಷ್ಟು ದವಡೆಯಡಿಯ ಗ್ರಂಥಿಯವು. ಅದರ ಜೊಲ್ಲು ಗಟ್ಟಿ, ಸುಣ್ಣದಂಶ ಹೆಚ್ಚು, ನಾಳ ಉದ್ದ, ಮೇಲಾಗಿ ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಚಿಕ್ಕ ಕಲ್ಲು ನೀರು, ಹುಳಿ ಮಿಠಾಯಿ, ನೀವುವಿಕೆಯಿಂದಲೇ ಜಾರಬಹುದು. ಜ್ವರ ಬಂದರೆ, ಕೀವು ಕಂಡರೆ ಕಾಯಬಾರದು.

ಮಂಗನಬಾವಿಗೆ ಲಸಿಕೆ ಹಾಕಿಸಿದ್ದೆವು, ಆದರೂ ಮಗನಿಗೆ ಬಂತು. ಹೇಗೆ?

ನಿಮ್ಮ ಲಸಿಕೆ ಕಾರ್ಡ್ ತೆಗೆದು ನೋಡಿ. ಸರಕಾರಿ ಕಾರ್ಯಕ್ರಮದಲ್ಲಿ ಕೊಡುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾಕ್ಕೆ. 2017ರ ಅಭಿಯಾನದಲ್ಲಿ ನಮ್ಮ ಶಾಲೆಗಳಲ್ಲಿ ಹಾಕಿದ್ದೂ ಅದೇ. ಮಂಗನಬಾವಿನ ಅಂಶವಿರುವುದು ಎಂಎಂಆರ್‌ನಲ್ಲಿ. ಒಂದಕ್ಷರದ ವ್ಯತ್ಯಾಸ. ಮಂಗನಬಾವು ಅಥವಾ ಕೆಪ್ಪಟೆ ಪೆರೋಟಿಡ್ ಗ್ರಂಥಿಯ ವೈರಸ್ ಸೋಂಕು, ಕಿವಿಯ ಹಾಲೆಯನ್ನೇ ಮೇಲಕ್ಕೆ ತಳ್ಳುವಂತೆ ಊದುತ್ತದೆ. ಅರಿಸಿನದ ಲೇಪದಿಂದ ಗ್ರಂಥಿಗೆ ಏನೂ ಆಗುವುದಿಲ್ಲ. ಹುಳಿ ಕೊಡಬೇಡಿ, ನೋವು ಹೆಚ್ಚುತ್ತದೆ. ಹರೆಯ ದಾಟಿದ ಹುಡುಗರಲ್ಲಿ ವೃಷಣ ಊದಬಹುದು, ಅಪರೂಪಕ್ಕೆ ಕಿವಿ ಹೋಗಬಹುದು. ಆ ಲಕ್ಷಣ ಕಂಡರೆ ವೈದ್ಯರ ಬಳಿ ಹೋಗಿ.

ರಾತ್ರಿ ಬಾಯಿ ಒಣಗಿ ಎಚ್ಚರವಾಗುತ್ತದೆ. ಸಕ್ಕರೆ ಕಾಯಿಲೆಯೇ?

ಇರಬಹುದು, ಪರೀಕ್ಷಿಸಿ. ನಿದ್ದೆಯಲ್ಲಿ ಜೊಲ್ಲು ಎಲ್ಲರಿಗೂ ಬಹಳ ಇಳಿಯುತ್ತದೆ. ರಾತ್ರಿ ಹಲ್ಲುಜ್ಜಬೇಕು ಎನ್ನುವುದೂ ಇದಕ್ಕೇ, ಆಮ್ಲವನ್ನು ತೊಳೆಯುವ ಕಾವಲು ಆಗ ರಜೆಯಲ್ಲಿರುತ್ತದೆ. ಬಾಯಲ್ಲಿ ಉಸಿರಾಡುವುದು, ನೆಗಡಿಯ ಮತ್ತು ಖಿನ್ನತೆಯ ಮಾತ್ರೆಗಳು, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳು ಕೂಡ ಒಣಗಿಸುತ್ತವೆ. ಬಾಯಿಯ ಜೊತೆ ಕಣ್ಣೂ ಒಣಗಿ ಮರಳು ಬಿದ್ದಂತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ.

## ಇನ್ನೂ ಆಳಕ್ಕೆ

ಎದೆಯ ಕಾಯಿಲೆಯಿಂದ ದನಿ ಹೋಗುತ್ತದೆ ಎಂದರು. ನಂಬುವುದು ಹೇಗೆ?

ನರದ ದಾರಿ ನೋಡಿದರೆ ನಂಬುತ್ತೀರಿ. ಸ್ವರತಂತುವಿನ ಸ್ನಾಯುಗಳಿಗೆ ಹೋಗುವ ನರ ಕುತ್ತಿಗೆಯಲ್ಲೇ ತಿರುಗಿಕೊಳ್ಳುವುದು ಬಿಟ್ಟು ಕೆಳಗಿಳಿಯುತ್ತದೆ. ಬಲಗಡೆಯದು ತೋಳಿಗೆ ಹೋಗುವ ರಕ್ತನಾಳವನ್ನು ಬಳಸಿ, ಎಡಗಡೆಯದು ಎದೆಯೊಳಕ್ಕೆ ಹೋಗಿ ಮಹಾಪಧಮನಿಯ ಕಮಾನಿನ ಅಡಿಯಲ್ಲಿ ನುಸುಳಿ, ಮತ್ತೆ ಮೇಲಕ್ಕೆ ಬರುತ್ತದೆ. ಭ್ರೂಣದಲ್ಲಿ ಹೃದಯ ಕುತ್ತಿಗೆಯಿಂದ ಎದೆಗೆ ಇಳಿಯುವಾಗ ನರವನ್ನೂ ಎಳೆದುಕೊಂಡು ಹೋಯಿತು. ಜಿರಾಫೆಯಲ್ಲಿ ಈ ಸುತ್ತು ನಾಲ್ಕು ಮೀಟರ್ ದಾಟುತ್ತದೆ. ರೋಮಿನಲ್ಲಿ ವೈದ್ಯ ಗ್ಯಾಲೆನ್ ಕಿರಿಚುತ್ತಿದ್ದ ಹಂದಿಯ ಇದೇ ನರ ಕತ್ತರಿಸಿ ಸಭೆಯನ್ನು ಬೆಚ್ಚಿಬೀಳಿಸಿದ್ದ. ಹಂದಿ ಒದ್ದಾಡುತ್ತಿತ್ತು, ದನಿ ಇರಲಿಲ್ಲ.

ಹಾಗಾಗಿ ಎಡ ಶ್ವಾಸಕೋಶದ ಗಡ್ಡೆ, ಮಹಾಪಧಮನಿಯ ಉಬ್ಬು, ಹಿಗ್ಗಿದ ಹೃದಯ, ಯಾವುದೂ ಮೊದಲು ಒಡಕು ದನಿಯಾಗಿ ಕಾಣಿಸಿಕೊಳ್ಳಬಹುದು. ವಿಚಿತ್ರವೊಂದಿದೆ: ಬಾಲ್ಯದಲ್ಲಿ ಚಿಕಿತ್ಸೆಯಾಗದ, ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಗಂಟಲುನೋವು ರುಮ್ಯಾಟಿಕ್ ಜ್ವರವಾಗಿ ಹೃದಯದ ಕವಾಟ ಕೆಡಿಸುತ್ತದೆ, ಹೃದಯದ ಎಡ ಮೇಲ್ಕೋಣೆ ಹಿಗ್ಗುತ್ತದೆ, ವರ್ಷಗಳ ನಂತರ ಆ ಎಡನರ ಒತ್ತಿಕೊಂಡು ದನಿ ಹೋಗುತ್ತದೆ. ವಿಯೆನ್ನಾದ ಓರ್ಟ್ನರ್ 1897ರಲ್ಲಿ ಇಂಥ ರೋಗಿಗಳನ್ನು ವರದಿ ಮಾಡಿದರು. ಗಂಟಲಿನಿಂದ ಹೊರಟ ರೋಗ ಹೃದಯ ಸುತ್ತಿ ಗಂಟಲಿಗೇ ಮರಳಿತು.

ಕಿವಿಯ ಕೆಳಗಿನ ಗಡ್ಡೆ ತೆಗೆಸಿದರೆ ಬಾಯಿ ಸೊಟ್ಟಗಾಗುತ್ತದೆಯಂತೆ?

ಭಯಕ್ಕೆ ಕಾರಣವಿದೆ. ಮುಖದ ಸ್ನಾಯುಗಳನ್ನು ಆಡಿಸುವ ನರ ಪೆರೋಟಿಡ್ ಗ್ರಂಥಿಯ ಒಳಗೇ ಹೊಕ್ಕು ಐದು ಕವಲಾಗುತ್ತದೆ. ಆದರೆ ಗ್ರಂಥಿಗೆ ಅದು ಏನೂ ಕೊಡುವುದಿಲ್ಲ, ಬಾಡಿಗೆಯಿಲ್ಲದ ದಾರಿಹೋಕ. ಶಸ್ತ್ರವೈದ್ಯರು ಮೊದಲು ನರವನ್ನು ಹುಡುಕಿ, ಕವಲುಗಳನ್ನು ಬಿಡಿಸುತ್ತ ಗಡ್ಡೆ ತೆಗೆಯುತ್ತಾರೆ. ಪೆರೋಟಿಡ್ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಗ್ರಂಥಿ ಚಿಕ್ಕದಾದಷ್ಟೂ ಅನುಮಾನ ಹೆಚ್ಚು, ಅಂಗುಳದ ಮೇಲಿನ ನೋವಿಲ್ಲದ ಗಂಟನ್ನು ಅದಕ್ಕೇ ಕಡೆಗಣಿಸಬಾರದು. ಗಡ್ಡೆ ತೆಗೆದಿಲ್ಲದೆಯೇ ಮುಖ ಸೊಟ್ಟಗಾಗುತ್ತಿದ್ದರೆ ಆ ದಿನವೇ ವೈದ್ಯರಿಗೆ ತೋರಿಸಿ.

2020ರಲ್ಲಿ ಹೊಸ ಜೊಲ್ಲುಗ್ರಂಥಿ ಸಿಕ್ಕಿತು ಎಂಬ ಸುದ್ದಿ ನಿಜವೇ?

ಅರ್ಧ ನಿಜ. ಆಮ್‌ಸ್ಟರ್‌ಡ್ಯಾಮಿನ ಕ್ಯಾನ್ಸರ್ ಸಂಸ್ಥೆಯ ತಂಡ ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನ್‌ಗಳಲ್ಲಿ, ಮೂಗಿನ ಹಿಂದೆ ಕಿವಿನಾಳ ತೆರೆಯುವ ಜಾಗದ ಬಳಿ ಸುಮಾರು 4 ಸೆಂಟಿಮೀಟರ್ ಉದ್ದದ ಜೊತೆ ಗ್ರಂಥಿಗಳು ಹೊಳೆಯುವುದನ್ನು ಕಂಡಿತು. ಅಲ್ಲಿ ಚಿಕ್ಕ ಗ್ರಂಥಿಗಳಿವೆ ಎಂಬುದು ಹಳೆಯ ಸಂಗತಿ. ಅವನ್ನು ಒಟ್ಟಿಗೆ ‘ಹೊಸ ಅಂಗ’ ಎನ್ನಬೇಕೇ ಎಂಬುದು ಜಗಳ. ನನ್ನ ಮಟ್ಟಿಗೆ ಹೆಸರಿಗಿಂತ ಉಪಯೋಗ ಮುಖ್ಯ: ವಿಕಿರಣ ಚಿಕಿತ್ಸೆ ಕೊಡುವಾಗ ಆ ಜಾಗ ಉಳಿಸಿದರೆ ರೋಗಿಯ ಬಾಯಿ ಒಣಗುವುದು ಕಡಿಮೆಯಾದೀತು.

ತಂಬಾಕಿಲ್ಲ, ಬರೀ ಅಡಿಕೆ. ಈಗ ಬಾಯಿ ಪೂರ್ತಿ ತೆರೆಯಲಾಗುತ್ತಿಲ್ಲ. ಏನಾಗಿದೆ?

ಅಡಿಕೆ ನಾಡಿನವರಿಗೆ ಹೇಳಲು ಕಷ್ಟವಾದ ಮಾತು, ಆದರೂ ಹೇಳಬೇಕು. ಅಡಿಕೆಯೊಂದೇ ಸಾಕು, ಕೆನ್ನೆಯ ಒಳಪದರದಡಿ ನಾರು ಕಟ್ಟಿ ಬಿಗಿಯುತ್ತದೆ. ಮೊದಲು ಖಾರ ತಡೆಯದ ಉರಿ, ಆಮೇಲೆ ಬಿಳಚಿದ ಗಡಸು ಕೆನ್ನೆ, ಆಮೇಲೆ ಮೂರು ಬೆರಳು ಹಿಡಿಸದ ಬಾಯಿ. ಇದು ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕಟ್ಟಿದ ನಾರು ಕರಗುವುದಿಲ್ಲ. ಇಂದೇ ಬಿಟ್ಟರೆ ಮುಂದಿನದು ನಿಲ್ಲಬಹುದು.

ಧ್ವನಿಪೆಟ್ಟಿಗೆಯನ್ನೇ ತೆಗೆದರೆ ಮತ್ತೆ ಮಾತನಾಡಲು ಸಾಧ್ಯವೇ?

ಸಾಧ್ಯ. ಕ್ಯಾನ್ಸರ್‌ಗಾಗಿ ಇಡೀ ಪೆಟ್ಟಿಗೆಯನ್ನು ಮೊದಲು ತೆಗೆದವರು ವಿಯೆನ್ನಾದ ಬಿಲ್ರೋತ್, 1873ರ ಕೊನೆಯ ದಿನ. ಆಮೇಲೆ ಉಸಿರಾಟ ಕುತ್ತಿಗೆಯಲ್ಲಿ ಮಾಡಿದ ರಂಧ್ರದಿಂದ. ಮಾತಿಗೆ ಮೂರು ದಾರಿಗಳಿವೆ: ಗಾಳಿ ನುಂಗಿ ತೇಗಿನಂತೆ ಹೊರಬಿಟ್ಟು ಮಾತಾಗಿಸುವುದು, ಕುತ್ತಿಗೆಗೆ ಒತ್ತಿ ಹಿಡಿಯುವ ಯಂತ್ರ, ಇಲ್ಲವೇ ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಕೂರಿಸುವ ಪುಟ್ಟ ಕವಾಟ. 1980ರಲ್ಲಿ ಬ್ಲೋಮ್ ಮತ್ತು ಸಿಂಗರ್ ತಂದ ಈ ಕವಾಟ ಆಮದಾಗಿ ಬರುವಾಗ ಸಾವಿರಾರು ರೂಪಾಯಿ, ಮೇಲಾಗಿ ಆಗಾಗ ಬದಲಿಸಬೇಕು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಆಗ ಸುಮಾರು 50 ರೂಪಾಯಿ ಬೆಲೆಯ ‘ಓಂ’ ಎಂಬ ಕವಾಟ ರೂಪಿಸಿದ್ದು ಇದಕ್ಕೇ.

ದನಿ ಮರಳುತ್ತದೆ, ಕಾವಲು ಮರಳುವುದಿಲ್ಲ. ಉಸಿರು ಮೂಗಿನಿಂದ ಹಾಯದ ಕಾರಣ ಒಗ್ಗರಣೆಯ ಘಮ ತಿಳಿಯುವುದಿಲ್ಲ. ಬಿಸಿ ಕಾಫಿಯನ್ನು ಮೊದಲಿನಂತೆ ಊದಿ ಆರಿಸಲಾಗುವುದಿಲ್ಲ. ಸ್ವರತಂತು ಬಿಗಿದು ಉಸಿರು ಹಿಡಿಯಲಾಗದೆ, ತುಂಬಿದ ಬಿಂದಿಗೆ ಎತ್ತುವುದು ಕಷ್ಟ. ಹೊಳೆಯ ಸ್ನಾನವಂತೂ ಅಪಾಯ, ನೀರು ನೇರವಾಗಿ ಶ್ವಾಸಕೋಶಕ್ಕೆ ನುಗ್ಗುತ್ತದೆ. ಕವಾಟ ಹಾಕಿಸಿಕೊಂಡವರು ಮಾತು ತೊಡಗುವ ಮುನ್ನ ಹೆಬ್ಬೆರಳಿನಿಂದ ಕುತ್ತಿಗೆಯ ರಂಧ್ರ ಮುಚ್ಚುವುದನ್ನು ನೀವು ಕಂಡರೆ, ತುಸು ಕಾಯಿರಿ. ಹೆಬ್ಬೆರಳು ಸರಿಯಾಗಿ ಕೂರಲು ಅವರಿಗೆ ಒಂದು ಕ್ಷಣ ಬೇಕು.